ಚಾವಣಿಯ ಬಿಳಿ ತಟ್ಟೆಗಳು

ಏಣಿ ಹತ್ತುವುದನ್ನು ಬಿಟ್ಟು ಒಂದು ವರ್ಷವಾಯಿತು. ಕೊಳ್ಳೇಗಾಲದ ನಮ್ಮ ಅಂಗಡಿಗೆ ಈಗ ಹೊಸದಾಗಿ ಇಬ್ಬರು ಹೆಣ್ಣುಮಕ್ಕಳು ಸೇರಿದ್ದಾರೆ. ಇಬ್ಬರೂ ಡಿಪ್ಲೊಮಾ ಮುಗಿಸಿದವರು. ಹೋದ ತಿಂಗಳು ಒಂದು ಭಾನುವಾರ ಮನೆಗೆ ಬಂದು, ಕಾಫಿ ಲೋಟ ಕೆಳಗಿಟ್ಟು, "ಅಕ್ಕ, ಕಂಪನಿ ಪುಸ್ತಕ ಎಲ್ಲಾ ಓದ್ಕಂಡಿವಿ. ಅದ್ರಲ್ಲಿ ಇಲ್ದೇ ಇರೋದ ಏಳು," ಎಂದರು. ನಾನು ಹೇಳಲು ಕೂತೆ. ಅರ್ಧಕ್ಕೇ ಅವರಿಗೆ ಬಸ್ಸಿಗೆ ಹೊತ್ತಾಯಿತು. ಉಳಿದದ್ದನ್ನು ಬರೆದು ಕೊಟ್ಟರೆ ಅವರಿಗಷ್ಟೇ ಅಲ್ಲ, ಈ ಕೆಲಸಕ್ಕೆ ಬರುವ ಯಾರಿಗಾದರೂ ಸಿಕ್ಕೀತು ಅನ್ನಿಸಿತು.

ನನ್ನ ಹೆಸರು ಪುಟ್ಟಗೌರಮ್ಮ. ಹುಟ್ಟಿದ್ದು ಯಳಂದೂರು, ಕೆಲಸ ಮಾಡಿದ್ದು ಕೊಳ್ಳೇಗಾಲ. ಅಂಗಡಿ ಮಲ್ಲಣ್ಣನವರದು. ಅವರೇ ಯಜಮಾನರು, ಅವರೇ ಎಂಜಿನಿಯರು, ನನಗೆ ಗುರುಗಳೂ ಅವರೇ. ಮಾತು ಕಡಿಮೆ, ಆಡಿದರೆ ಮೂರು ದಿನ ಕಿವಿಯಲ್ಲಿ ಇರುವಂಥದ್ದು. ನಾನು ಸೇರಿದ್ದು ಟೆಲಿಫೋನ್ ರಿಪೇರಿಗೆ. ಹೆಂಗಸಿನ ಬೆರಳು ಸಣ್ಣ ಕೆಲಸಕ್ಕೆ ಒಗ್ಗುತ್ತದೆ ಎಂದು ಮೇಜಿನ ಮುಂದೆ ಕೂರಿಸಿದ್ದರು. ಏಣಿ ಮಾತ್ರ ಗಂಡಸರದ್ದು. ಒಂದು ದಿನ ಏಣಿಯ ಶಿವಮಲ್ಲು ಮದುವೆಗೆಂದು ಹೋದವನು ಬರಲಿಲ್ಲ. ಬ್ಯಾಂಕಿನ ಇಂಟರ್‌ಕಾಮ್ ಕೆಟ್ಟು ಕೂತಿತ್ತು. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಕೆಳಗೆ ನಿಂತು ಏಣಿ ಹಿಡಿದ ಮಲ್ಲಣ್ಣನವರು ಹೇಳಿದ್ದು ಒಂದೇ ಮಾತು: "ನಾಳೆಯಿಂದ ಚೂಡಿದಾರ ಹಾಕ್ಕೊಂಡ್ ಬಾ." ಅಲ್ಲಿಂದ ಏಣಿ ನನ್ನದಾಯಿತು. ಇಂಟರ್‌ಕಾಮ್ ಹೋಗಿ ಕಂಪ್ಯೂಟರಿನ ನೀಲಿ ಕೇಬಲ್ ಬಂತು, ಅದರ ಮೇಲೆ ವೈಫೈ ಬಂತು. ಸಂಬಳ ಯಾವಾಗ ಏರಿತು, ನನ್ನನ್ನು ಏನೆಂದು ಕರೆದರು ಅನ್ನುವುದೆಲ್ಲ ಯಾರಿಗೆ ಬೇಕು. ಈ ಬರಹ ವೈಫೈ ಕಾಲದ್ದು.

ಮೊದಲು ವಸ್ತು ಏನೆಂದು ತಿಳಿಯಿರಿ. ಮನೆಯಲ್ಲಿರುವ ಕೊಂಬಿನ ರೂಟರ್ ಡಬ್ಬಿ ಬೇರೆ, ಕಚೇರಿಗೆ ಹಾಕುವ ಆಕ್ಸೆಸ್ ಪಾಯಿಂಟ್ ಬೇರೆ. ಮನೆಯ ಡಬ್ಬಿ ಒಬ್ಬಳೇ ಗೃಹಿಣಿಯ ಹಾಗೆ: ಹೊರಗಿನಿಂದ ಇಂಟರ್‌ನೆಟ್ ತರುವುದು, ಹಂಚುವುದು, ಕಾಯುವುದು ಎಲ್ಲವೂ ಅದರ ತಲೆಯ ಮೇಲೆ. ನಾಲ್ಕೈದು ಜನಕ್ಕೆ ಸಾಕು. ಆಕ್ಸೆಸ್ ಪಾಯಿಂಟಿಗೆ ಗಾಳಿಯಲ್ಲಿ ಹಂಚುವುದೊಂದೇ ಕೆಲಸ, ಅದನ್ನು ನೂರು ಜನಕ್ಕೆ ಬೇಕಾದರೂ ಮಾಡುತ್ತದೆ. ನೋಡಲು ಊಟದ ತಟ್ಟೆಯನ್ನು ಚಾವಣಿಗೆ ಬೋರಲು ಹಾಕಿದಂತೆ. ನಮ್ಮ ಅಂಗಡಿಯಲ್ಲಿ ಅದಕ್ಕೆ ತಟ್ಟೆ ಎಂದೇ ಹೆಸರು. ಅದಕ್ಕೆ ಬೇರೆ ಕರೆಂಟಿನ ಪ್ಲಗ್ಗು ಬೇಡ. ಒಂದೇ ಕೇಬಲ್ಲಿನಲ್ಲಿ ಇಂಟರ್‌ನೆಟ್ಟೂ ಬರುತ್ತದೆ, ಕರೆಂಟೂ ಬರುತ್ತದೆ. ಇದನ್ನು ಮೊದಲ ಸಲ ಕಂಡಾಗ ನಾನು ತಂತಿಯನ್ನು ತಿರುಗಿಸಿ ತಿರುಗಿಸಿ ನೋಡಿದ್ದೆ. ಇನ್ನೊಂದು ತಂತಿ ಎಲ್ಲೋ ಇರಲೇಬೇಕು ಅನ್ನಿಸಿತ್ತು.

ಮೊದಲ ತಟ್ಟೆಯನ್ನು ಹಾಕಿದ್ದು ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಗೆ. ಮೂರು ಅಂತಸ್ತು, ಸುತ್ತ ಕನ್ನಡಿ, ಎರಡೂ ಬದಿಗೆ ಮೇಲಿನವರೆಗೆ ಉಕ್ಕಿನ ಬೀರು. ಚಾವಣಿಯಲ್ಲಿ ಹೊಸ ಅಲಂಕಾರದ ಕೆಲಸ ಮಾಡಿಸಿದ್ದರಿಂದ ತೂತು ಕೊರೆಯಬೇಡಿ ಎಂದರು. ಆಯಿತು ಎಂದು ನಾನು ಹಿಂದಿನ ಗೋಡೆಗೆ, ಬಾಗಿಲಿಗೆ ಎದುರಾಗಿ, ಗಡಿಯಾರ ನೇತುಹಾಕಿದಂತೆ ಹಾಕಿದೆ. ದೀಪ ಉರಿಯಿತು, ಫೋನಿನಲ್ಲಿ ಸಿಗ್ನಲ್ಲಿನ ಗೆರೆ ಪೂರ್ತಿ ಬಂತು. ಪೆಟ್ಟಿಗೆ ಮುಚ್ಚಿ ಹೊರಟು ಬಂದೆ.

ಮಾರನೆಯ ದಿನ ಸೀರೆ ಅಂಗಡಿಯ ಯಜಮಾನರು ತಾವೇ ನಡೆದು ಬಂದರು. ಅವರು ಕೋಪದ ಮನುಷ್ಯರಲ್ಲ, ಅದೇ ಕಷ್ಟ.

"ಗೌರಮ್ಮ, ನಮ್ಮ ಮಹಡಿ ಮೇಲೆ ಬಿಲ್ ಮಾಡಕ್ಕೆ ಬತ್ತಾ ಇಲ್ಲ. ಎದುರುಗಡೆ ಬೇಕರೀಲಿ ಬಲು ಚೆನ್ನಾಗಿ ಬತ್ತಾ ಅದೆ. ಅವರು ನಿನಗೆ ಥ್ಯಾಂಕ್ಸ್ ಏಳು ಅಂದ್ರು."

ನನಗೆ ಮುಖ ಎತ್ತಲಾಗದಂತಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಸಾ, ಅದು ಜರಿ ಕಣ್ರಿ. ಬೀರು ತುಂಬಾ ಜರಿ ಸೀರೆ ಇದಾವಲ್ಲ, ಅವು ಸಿಗ್ನಲ್ ಕುಡಿತಾವೆ," ಅಂದುಬಿಟ್ಟೆ. ಎಲ್ಲಿ ಓದಿದ್ದೆನೋ, ಆ ಹೊತ್ತಿಗೆ ನನಗೇ ನಿಜ ಅನ್ನಿಸಿತು.

ಮಲ್ಲಣ್ಣನವರು ತಲೆ ಎತ್ತಿದರು. "ನಡಿ, ನೋಡನ," ಎಂದರು.

ಸೀರೆ ಅಂಗಡಿಯಲ್ಲಿ ಅವರು ಕೇಳಿದ್ದು ಇದ್ದುದರಲ್ಲಿ ಅತಿ ಹೆಚ್ಚು ಜರಿಯ ಧಾರೆ ಸೀರೆ. ಅದರ ಮಡಿಕೆಯೊಳಗೆ ನನ್ನ ಫೋನಿಟ್ಟು ಮಗುವನ್ನು ಸುತ್ತಿದಂತೆ ಸುತ್ತಿದರು. ಮಾರಾಟದ ಹೆಂಗಸರೆಲ್ಲ ಸುತ್ತ ನಿಂತರು. ಆಮೇಲೆ ತಮ್ಮ ಫೋನಿನಿಂದ ನನ್ನದಕ್ಕೆ ವೈಫೈ ಮೇಲೆ ಕರೆ ಮಾಡಿದರು. ಸೀರೆಯೊಳಗಿಂದ ಫೋನು ಟ್ರಿಣ್ ಟ್ರಿಣ್ ಎಂದು ಚೆನ್ನಾಗಿಯೇ ಹೊಡೆದುಕೊಂಡಿತು. ಒಂದು ಗೆರೆಯೂ ಇಳಿದಿರಲಿಲ್ಲ.

"ಜರಿ ಮೇಲೆ ಕೇಸಿಲ್ಲ. ಈಗ ನಿನ್ನ ವಿಚಾರಣೆ ಮಾಡನ," ಎಂದರು ಮಲ್ಲಣ್ಣನವರು.

ವಿಷಯ ಇಷ್ಟೇ. ತಟ್ಟೆ ಚಾವಣಿಗೆ ಹಾಕಲು ಮಾಡಿದ ವಸ್ತು. ಬೋರಲು ಹಾಕಿದರೆ ಬಟ್ಟಲು ಮುಚ್ಚಿದಂತೆ ಸುತ್ತಲೂ ಕೆಳಕ್ಕೂ ಹರಡುತ್ತದೆ. ಗೋಡೆಗೆ ನಿಲ್ಲಿಸಿದರೆ ಅದರ ಬಲವೆಲ್ಲ ಎದುರಿಗೆ, ಅಂದರೆ ಗಾಜಿನ ಬಾಗಿಲು ದಾಟಿ, ರಸ್ತೆ ದಾಟಿ, ಬೇಕರಿಯ ಬನ್ನಿನ ತಟ್ಟೆಯ ಮೇಲೆ. ಪಕ್ಕದಲ್ಲಿ ಉಕ್ಕಿನ ಬೀರು, ಮೇಲೆ ಕಾಂಕ್ರೀಟು. ಮಹಡಿಗೆ ಏನು ಹೋಗಬೇಕು? ನಾನು ಬಾಗಿಲ ಬಳಿ ನಿಂತು ಗೆರೆ ನೋಡಿ ಖುಷಿಪಟ್ಟಿದ್ದೆ, ಮೆಟ್ಟಿಲು ಹತ್ತಿ ನೋಡಿರಲಿಲ್ಲ. ಅಂತಸ್ತಿಗೊಂದರಂತೆ ಮೂರು ತಟ್ಟೆಯನ್ನು ಚಾವಣಿಗೇ ಹಾಕಿದೆವು. ತೂತಿನ ಸುತ್ತ ಅಲಂಕಾರದ ಹೂವನ್ನು ನಾನೇ ಪಿಒಪಿ ಕಲಸಿ ತಿದ್ದಿಕೊಟ್ಟೆ. ಅಂದಿನಿಂದ, ಕೆಲಸ ಮುಗಿದ ಮೇಲೆ ಕಟ್ಟಡದ ಎಲ್ಲ ಮೂಲೆಗೂ ಫೋನು ಹಿಡಿದು ನಡೆಯದೆ ನಾನು ಪೆಟ್ಟಿಗೆ ಮುಚ್ಚಿಲ್ಲ. ಬಚ್ಚಲುಮನೆಯನ್ನೂ ಬಿಟ್ಟಿಲ್ಲ. ಬೇಕರಿಯವರು ಮಾತ್ರ ಬಹಳ ದಿನ ನನ್ನನ್ನು ಕಂಡಾಗಲೆಲ್ಲ ಪೆಚ್ಚಾಗಿ ನಗುತ್ತಿದ್ದರು.

ಎರಡನೆಯ ಪೆಟ್ಟು ಯಳಂದೂರಿನಲ್ಲಿ, ನನ್ನದೇ ಊರಿನಲ್ಲಿ. ಅಲ್ಲಿನ ಒಂದು ಖಾಸಗಿ ಕಾಲೇಜಿನ ಸಭಾಂಗಣದಲ್ಲಿ ಹುಡುಗಿಯರಿಗೆ ವಿದ್ಯಾರ್ಥಿವೇತನದ ಪರೀಕ್ಷೆ. ಎಂಭತ್ತು ಜನ, ಎಂಭತ್ತು ಟ್ಯಾಬು, ಎಲ್ಲವೂ ವೈಫೈ ಮೇಲೆ. ನಾನು ನಾಲ್ಕು ಮೂಲೆಗೆ ನಾಲ್ಕು ತಟ್ಟೆ ಹಾಕಿದ್ದೆ. ನಮ್ಮೂರಿನ ಮಕ್ಕಳಲ್ಲವೇ, ಕಡಿಮೆಯಾಗಬಾರದೆಂದು ನಾಲ್ಕರ ಶಕ್ತಿಯನ್ನೂ ಪೂರ್ತಿ ಏರಿಸಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ತಾಲೀಮು, ಹನ್ನೊಂದಕ್ಕೆ ಪರೀಕ್ಷೆ.

ತಾಲೀಮಿನಲ್ಲಿ ಹತ್ತು ಟ್ಯಾಬು ಹಚ್ಚುವ ತನಕ ಸರಿಯಿತ್ತು. ಮೂವತ್ತಾಗುತ್ತಲೇ ಪರದೆಯ ನಡುವೆ ಚಕ್ರ ಸುತ್ತತೊಡಗಿತು. ಐವತ್ತಾಗುವಾಗ ಒಂದೂ ತೆರೆಯಲಿಲ್ಲ. ಗೆರೆ ಮಾತ್ರ ಎಲ್ಲದರಲ್ಲೂ ಪೂರ್ತಿ. ಹುಡುಗಿಯರು ನನ್ನ ಮುಖ ನೋಡಿದರು. ಎರಡನೆಯ ಸಾಲಿನ ಒಬ್ಬಳು, ದನಿ ತಗ್ಗಿಸಿ, "ಮಿಸ್, ಇವತ್ತು ಆಗದಿದ್ರೆ ಇನ್ನೊಂದ್ ಸಲ ಮಾಡ್ತಾರಾ?" ಎಂದಳು. ಮಾಡುವುದಿಲ್ಲ ಎಂದು ಪ್ರಾಂಶುಪಾಲರು ಆಗಲೇ ನನಗೆ ಹೇಳಿದ್ದರು. ಮಲ್ಲಣ್ಣನವರಿಗೆ ಫೋನ್ ಮಾಡಿದೆ.

ಮುಕ್ಕಾಲು ಗಂಟೆಯಲ್ಲಿ ಬಂದು ಇಳಿದರು. ನನ್ನ ಲ್ಯಾಪ್‌ಟಾಪಿನ ಕಡೆ ಒಮ್ಮೆ ಕಣ್ಣು ಹಾಯಿಸಿದವರು ನನ್ನನ್ನು ಬಯ್ಯಲಿಲ್ಲ. ನಾಲ್ಕು ಮಂದಿ ಅಧ್ಯಾಪಕರನ್ನು ಕರೆದು, ಕೈಗೊಂದು ದಿನಪತ್ರಿಕೆ ಕೊಟ್ಟು, ನಾಲ್ಕು ಮೂಲೆಯಲ್ಲಿ ನಿಲ್ಲಿಸಿದರು.

"ಎಲ್ಲಾರೂ ಒಟ್ಟಿಗೆ ಓದಿ. ಎಷ್ಟು ಜೋರಾಗಿ ಆಯ್ತದೋ ಅಷ್ಟು ಜೋರಾಗಿ."

ನಾಲ್ವರೂ ಓದಿದರು. ಸಭಾಂಗಣ ಸಂತೆಯಾಯಿತು. "ಏನ್ ಕೇಳುಸ್ತು?" ಎಂದು ಮಲ್ಲಣ್ಣನವರು ಹುಡುಗಿಯರನ್ನು ಕೇಳಿದರು. ಎಲ್ಲರಿಗೂ ದನಿ ಕೇಳಿಸಿತ್ತು, ಒಬ್ಬರಿಗೂ ಸುದ್ದಿ ಕೇಳಿಸಿರಲಿಲ್ಲ. "ಈಗ ನಿಮ್ ನಿಮ್ ಮೂಲೇಲಿ ಕೂತಿರೋರಿಗೆ ಮಾತ್ರ ಕೇಳೋ ಅಂಗೆ ಓದಿ." ಓದಿದರು. ಆ ಮೂಲೆಯವರಿಗೆ ಮಳೆಯ ಸುದ್ದಿ, ಈ ಮೂಲೆಯವರಿಗೆ ಕ್ರಿಕೆಟ್ಟು, ಎಲ್ಲರಿಗೂ ಸ್ಪಷ್ಟ. ಹುಡುಗಿಯರು ನಗಲು ಶುರುಮಾಡಿದರು. ನಾನೂ ನಕ್ಕೆ, ಕಣ್ಣಲ್ಲಿ ನೀರು ತುಂಬಿಕೊಂಡೇ.

"ಇನ್ನೊಂದು," ಎಂದರು ನನ್ನ ಕಡೆ ತಿರುಗಿ. "ನೀನು ಜೋರಾಗಿ ಕೂಗುದ್ರೆ ಅವಕ್ಕೆ ಕೇಳುಸ್ತದೆ, ಸರಿ. ಟ್ಯಾಬಿನ ಗಂಟ್ಲು ಸಣ್ಣದು. ಅದು ಅಷ್ಟು ದೂರದಿಂದ ಏಳೋದು ನಿನ್ನ ತಟ್ಟೆಗೆ ಕೇಳ್ಬೇಡ್ವಾ?"

ನಾಲ್ಕು ತಟ್ಟೆಯ ಶಕ್ತಿಯನ್ನೂ ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಒಂದರ ಮಾತಿಗೆ ಇನ್ನೊಂದು ಅಡ್ಡ ಬಾರದಂತೆ ಒಂದೊಂದಕ್ಕೂ ಬೇರೆ ಬೇರೆ ಚಾನೆಲ್ ಕೊಟ್ಟೆ. ಒಂದು ತಟ್ಟೆಯ ಮೇಲೆ ಇಪ್ಪತ್ತೈದಕ್ಕಿಂತ ಹೆಚ್ಚು ಟ್ಯಾಬು ಬಂದರೆ ಪಕ್ಕದ್ದಕ್ಕೆ ಕಳಿಸು ಎಂದು ಹೇಳಿಟ್ಟೆ. ಆ ಬುದ್ಧಿ ತಟ್ಟೆಯಲ್ಲಿ ಮೊದಲಿಂದಲೂ ಇತ್ತು, ನಾನು ಕೇಳಿರಲಿಲ್ಲ ಅಷ್ಟೆ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಎಂಭತ್ತೂ ತೆರೆದವು. ಎರಡು ಗಂಟೆ ನಾನು ಬಾಗಿಲ ಹೊರಗೆ ನಿಂತೇ ಇದ್ದೆ. ಎರಡನೆಯ ಸಾಲಿನ ಹುಡುಗಿ ಹೊರಗೆ ಬಂದವಳು, "ಮಿಸ್, ಒಂದ್ ಸಲಾನೂ ಚಕ್ರ ಸುತ್ತಲಿಲ್ಲ," ಎಂದು ಕೈ ಕುಲುಕಿ ಹೋದಳು. ನನಗೆ ಸಿಕ್ಕ ಸರ್ಟಿಫಿಕೇಟು ಎಂದರೆ ಅದು.

ನಡುವೆ ಸಣ್ಣದೊಂದು. ತಟ್ಟೆಯ ಬೆನ್ನಿನಲ್ಲಿ ಸೂಜಿಯ ಮೊನೆಯಷ್ಟು ತೂತಿರುತ್ತದೆ, ರೀಸೆಟ್ ಗುಂಡಿಯದು. ಗಂಡಸರು ಅದಕ್ಕೆ ತಂತಿಚೂರು ಹುಡುಕುತ್ತ ಜೇಬೆಲ್ಲ ತಡವುತ್ತಾರೆ. ನಾನು ತಲೆಯ ಪಿನ್ನು ತೆಗೆದು ಒತ್ತುತ್ತಿದ್ದೆ. ಆ ಸುಲಭವೇ ಒಮ್ಮೆ ಕೈಕೊಟ್ಟಿತು. ಒಂದು ವಸತಿಗೃಹದಲ್ಲಿ ತಟ್ಟೆ ಸ್ವಲ್ಪ ತಡವರಿಸುತ್ತಿದ್ದುದಕ್ಕೆ ಪಿನ್ನು ಒತ್ತಿ ಹತ್ತು ಎಣಿಸಿದೆ. ಹೆಸರು, ಪಾಸ್‌ವರ್ಡು, ಕೋಣೆಕೋಣೆಯ ಲೆಕ್ಕ ಎಲ್ಲ ಅಳಿಸಿ ಹುಟ್ಟಿದ ದಿನದ ಮಗುವಾಯಿತು. ಬರೆದಿಟ್ಟುಕೊಂಡಿರಲಿಲ್ಲ. ಮಧ್ಯಾಹ್ನದ ಊಟವಿಲ್ಲದೆ ಸಂಜೆಯವರೆಗೆ ಮತ್ತೆ ಕಟ್ಟಿದೆ. ಒತ್ತುವ ಮುಂಚೆ ಉಳಿಸಿಕೊಳ್ಳಿ. ಬೆರಳು ಚುರುಕಾದವರಿಗೆ ಈ ಮಾತು ಇನ್ನೂ ಹೆಚ್ಚು ಬೇಕು.

ಈಗ ಹನೂರಿನದು. ಇದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ, ಮನೆಯವರನ್ನು ಬಿಟ್ಟು.

ಹನೂರಿನಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಒಬ್ಬರೇ ಡಾಕ್ಟರಮ್ಮ. ಮುಖ್ಯ ನರ್ಸು ಸೆಲ್ವಿ, ತಮಿಳುನಾಡಿನ ಗಡಿಯ ಪಾಲಾರಿನ ಕಡೆಯವಳು. ಅವಳ ಕನ್ನಡದ ಬೆನ್ನಿಗೆ ಯಾವಾಗಲೂ ಒಂದು ತಮಿಳು ಮಾತು ಅಂಟಿರುತ್ತಿತ್ತು. ಕಷ್ಟದ ಮಗು ಹುಟ್ಟಿದರೆ ಡಾಕ್ಟರಮ್ಮ ಟ್ಯಾಬಿನಲ್ಲಿ ವಿಡಿಯೊ ಕರೆ ಮಾಡಿ ಮೈಸೂರಿನ ಮಕ್ಕಳ ತಜ್ಞರಿಗೆ ತೋರಿಸುತ್ತಿದ್ದರು. ಹೆರಿಗೆ ಕೋಣೆ ಮುಂದೆ, ಮಗುವಿನ ಕೋಣೆ ಹಿಂದೆ, ನಡುವೆ ಎಕ್ಸ್-ರೇ ಕೋಣೆ. ಎಕ್ಸ್-ರೇ ಕೋಣೆಯ ಗೋಡೆಯಲ್ಲಿ ಸೀಸದ ಹಾಳೆ ಇರುತ್ತದೆ, ಅದನ್ನು ದಾಟಿ ವೈಫೈ ಹೋಗುವುದಿಲ್ಲ. ಟ್ಯಾಬು ಹಿಡಿದು ಅಲ್ಲಿಗೆ ಬಂದೊಡನೆ ಕರೆ ಕಡಿದುಹೋಗುತ್ತಿತ್ತು. ಮೊಬೈಲಿನ ಸಿಗ್ನಲ್ಲು ಆ ಮೂಲೆಯಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಅದನ್ನು ಸರಿಮಾಡಲು ನನ್ನನ್ನು ಕರೆಸಿದ್ದರು. ಮೂರು ತಟ್ಟೆಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡು ಕೊಟ್ಟು ಬೆಳಿಗ್ಗೆ ಅಂಗಡಿಯಲ್ಲೇ ಸಿದ್ಧಮಾಡಿ ತಂದಿದ್ದೆ. ಹಾಗೆ ಮಾಡಿದರೆ, ಕೈಯಲ್ಲಿ ಟ್ಯಾಬು ಹಿಡಿದು ನಡೆಯುವಾಗ ಒಂದು ತಟ್ಟೆ ಅದನ್ನು ಇನ್ನೊಂದರ ಕೈಗೆ ಕೊಡುತ್ತದೆ, ಕರೆ ಕಡಿಯುವುದಿಲ್ಲ. ಹನ್ನೊಂದರ ಹೊತ್ತಿಗೆ ಮುಂದಿನ ಎರಡು ತಟ್ಟೆ ಕೂತಿದ್ದವು. ಮೂರನೆಯದಕ್ಕೆ ಎಕ್ಸ್-ರೇ ಕೋಣೆಯ ಆಚೆ, ಮಗುವಿನ ಕೋಣೆಯ ಬಾಗಿಲ ತಿರುವಿನವರೆಗೆ ಕೇಬಲ್ ಎಳೆದು ಬಿಟ್ಟಿದ್ದೆ. ಚಾವಣಿ ಕೊರೆಯುವುದಷ್ಟೇ ಬಾಕಿ.

ಆಗ ಹೆರಿಗೆಯಾಯಿತು. ಮಗು ಅತ್ತ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿಂದಿನ ಕೋಣೆಗೆ ದಾಪುಗಾಲಿಟ್ಟರು. ಹಿಂದೆಯೇ ಸೆಲ್ವಿ, ಕೈಯಲ್ಲಿ ಟ್ಯಾಬು, ಟ್ಯಾಬಿನಲ್ಲಿ ಮೈಸೂರಿನ ಡಾಕ್ಟರ ಮುಖ. ಎಕ್ಸ್-ರೇ ಕೋಣೆಯ ಬಳಿ ಮುಖ ಕಲ್ಲಾಗಿ ನಿಂತುಹೋಯಿತು. ಸೆಲ್ವಿ ಎರಡು ಹೆಜ್ಜೆ ಹಿಂದಕ್ಕೆ ಬಂದಳು, ಮಾತು ಬಂತು. ಮುಂದಕ್ಕೆ ಹೋದಳು, ಹೋಯಿತು. ಕೊನೆಗೆ ಮಾತು ಬರುವ ಜಾಗದಲ್ಲೇ ನಿಂತು ಒಳಕ್ಕೆ ಕೂಗಿ ಹೇಳತೊಡಗಿದಳು.

"ಅಮ್ಮಾ, ಸಾರ್ ಕೇಳ್ತಾರೆ, ಉಸಿರು ತಗೊಂಡಾಗ ಪಕ್ಕೆ ಒಳಕ್ಕೆ ಹೋಗ್ತಾ?"

"ಹೋಗ್ತಾ ಇದೆ. ನೋಡ್ಬೇಕು ಅನ್ನು ಅವರಿಗೆ, ನೋಡದೇ ಹೇಳಕ್ಕಾಗಲ್ಲ," ಎಂದರು ಡಾಕ್ಟರಮ್ಮ ಒಳಗಿನಿಂದ.

ಮಗುವನ್ನು ಸಾಗಿಸುವ ಆಂಬುಲೆನ್ಸು ಕೊಳ್ಳೇಗಾಲದಿಂದ ಬರಬೇಕಿತ್ತು. ಅದು ಬರುವ ತನಕ ಏನೇನು ಮಾಡಬೇಕೋ ಅದನ್ನು ಮೈಸೂರಿನವರು ಕಣ್ಣಿನಿಂದ ನೋಡಿ ಹೇಳಬೇಕು.

"ಅಕ್ಕ," ಎಂದಳು ಸೆಲ್ವಿ ನನ್ನನ್ನು ನೋಡಿ.

ಕೊರೆಯುವ ಯಂತ್ರದ ಸದ್ದು ಆ ಹೊತ್ತಿನಲ್ಲಿ ಆಗದ ಮಾತು. ನಾನು ಪೆಟ್ಟಿಗೆಯಿಂದ ಮೂರನೆಯ ತಟ್ಟೆಯನ್ನು ತೆಗೆದು ನೇತಾಡುತ್ತಿದ್ದ ಕೇಬಲ್ಲಿಗೆ ಚುಚ್ಚಿದೆ. ಪಕ್ಕದಲ್ಲಿದ್ದ ಔಷಧದ ಬೀರುವಿನ ಮೇಲಿಟ್ಟೆ. ಅದು ಉಕ್ಕಿನದು, ಎಡಬದಿಯೆಲ್ಲ ಮರೆಯಾಗುತ್ತಿತ್ತು. ತಟ್ಟೆಯನ್ನು ಎತ್ತಿಕೊಂಡು ಸ್ಟೂಲಿನ ಮೇಲೆ ಹತ್ತಿ ಎರಡೂ ಕೈಯಲ್ಲಿ ತಲೆಯ ಮೇಲೆ, ಬಾಗಿಲ ಚೌಕಟ್ಟಿನ ಎತ್ತರಕ್ಕೆ, ಬೋರಲಾಗಿ ಹಿಡಿದು ನಿಂತೆ. ತಟ್ಟೆ ಎಚ್ಚರವಾಗಲು ಎರಡು ಮೂರು ನಿಮಿಷ ಬೇಕು. ದೀಪ ಮಿಣುಕುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಮೂರು ನಿಮಿಷವನ್ನು ನಾನು ಕಂಡಿಲ್ಲ. ಮಿಣುಕು ನಿಂತು ನೀಲಿಯಾಯಿತು.

"ಈಗ ಬಾ ಸೆಲ್ವಿ. ಮೆಲ್ಲಗೆ ನಡ್ಕಂಡ್ ಬಾ."

ಟ್ಯಾಬನ್ನು ಎದೆಯ ಮಟ್ಟಕ್ಕೆ ಹಿಡಿದು ಬಂದಳು. ಎಕ್ಸ್-ರೇ ಕೋಣೆಯ ಬಾಗಿಲು ದಾಟಿದಳು. ಮೈಸೂರಿನವರ ದನಿ ಒಂದು ಚೂರು ಮುಗ್ಗರಿಸಿ ಮತ್ತೆ ಸರಿಯಾಗಿ ಕಾಲಿಟ್ಟಿತು. ನನ್ನ ಕೈಯ ಕೆಳಗೇ ಹಾದು ಒಳಗೆ ಹೋದಳು. "ಹಾಂ, ಈಗ ಕಾಣ್ತಿದೆ. ಹತ್ತಿರ ಹಿಡೀರಿ," ಎಂಬ ಮಾತು ಒಳಗಿನಿಂದ ಕೇಳಿಸಿತು.

ಐದು ನಿಮಿಷವಾಗಿರಬಹುದು, ಕರೆಂಟು ಹೋಯಿತು. ಫ್ಯಾನು ನಿಂತು ಆಸ್ಪತ್ರೆಯೇ ಉಸಿರು ಹಿಡಿದಂತಾಯಿತು. ನಾನು ತಲೆ ಎತ್ತಿ ನೋಡಿದೆ. ತಟ್ಟೆಯ ನೀಲಿ ದೀಪ ಹಾಗೇ ಇತ್ತು. ಇಂಟರ್‌ನೆಟ್ ತರುವ ಡಬ್ಬಿಯನ್ನೂ ತಟ್ಟೆಗಳಿಗೆಲ್ಲ ಕರೆಂಟು ಕಳಿಸುವ ಪೆಟ್ಟಿಗೆಯನ್ನೂ ಬ್ಯಾಟರಿಯ ಮೇಲೆ ಇಡಿಸಿದ್ದು ಅಂದು ಬೆಳಿಗ್ಗೆ ನಾನೇ. ಒಂದೇ ತಂತಿಯಲ್ಲಿ ಎರಡೂ ಬರುವುದೆಂದರೆ ಏನೆಂದು ಅವತ್ತು ನನ್ನ ಎರಡು ಕೈಗೂ ತಿಳಿಯಿತು. ಜನರೇಟರು ಶುರುವಾಗುವ ತನಕವೂ ಒಳಗೆ ಮಾತು ನಡೆದೇ ಇತ್ತು.

ತೋಳು ಸೋಲತೊಡಗಿತು. ಇಳಿಸಿ ಕೈ ಬದಲಿಸೋಣವೆಂದರೆ ಆ ಗಳಿಗೆಯಲ್ಲೇ ಏನಾದರೂ ಆದರೆ ಎಂಬ ಭಯ. ಮೊಣಕೈಯನ್ನು ಗೋಡೆಗೆ ಒರಗಿಸಿ ನಿಂತೆ. ಒಳಗೆ ಮೊದಲು ನರಳಿದಂತೆ, ಆಮೇಲೆ ಬೆಕ್ಕಿನ ಮರಿಯಂತೆ, ಆಮೇಲೆ ಸಿಟ್ಟಿನಿಂದಲೇ ಮಗು ಅತ್ತಿತು. ಸೆಲ್ವಿ ಒಳಗಿನಿಂದ ತನ್ನ ತಮಿಳಿನಲ್ಲಿ "ಅಪ್ಪಾಡಾ" ಎಂದು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಆಂಬುಲೆನ್ಸು ಬಂದು, ಮಗು ಅದರೊಳಗೆ ಹೋಗಿ, ಬಾಗಿಲು ಮುಚ್ಚಿದ ಮೇಲೆ ನಾನು ಕೈ ಇಳಿಸಿದೆ. ಬೆರಳು ಬಿಡಿಸಲು ಆಗಲಿಲ್ಲ. ತಟ್ಟೆಯನ್ನು ಸೆಲ್ವಿಯೇ ತೆಗೆದುಕೊಂಡಳು. ಹತ್ತಿರ ಬೇರೇನೂ ಇಲ್ಲದೆ ಗಾಯಕ್ಕೆ ಕಟ್ಟುವ ಬಟ್ಟೆಯಿಂದ ಅದನ್ನು ಬಾಗಿಲ ಪರದೆಯ ಕಂಬಿಗೆ ಬಿಗಿದಳು. ನಾನು ಮತ್ತೆ ಹೋಗಿ ಚಾವಣಿಗೆ ಕೂರಿಸುವ ತನಕ ಮೂರು ದಿನ ಅದು ಬ್ಯಾಂಡೇಜು ಕಟ್ಟಿಕೊಂಡೇ ಕೆಲಸ ಮಾಡಿತು.

ಮಗುವಿನ ಅಜ್ಜಿ ಹೊರಗಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಹದಿನೈದು ದಿನ ಕಳೆದು ಮಗುವನ್ನು ತೋರಿಸಲು ಬಂದಾಗ ನಾನೂ ಅಲ್ಲೇ ಇದ್ದೆ. ಗುಂಡಗೆ, ಮೂಗಿನ ಮೇಲೆ ದೃಷ್ಟಿಬೊಟ್ಟು. ಅಜ್ಜಿ ನನ್ನ ಕೈ ಹಿಡಿದರು.

"ನೀನೇ ಅಲ್ವಾ ಅವತ್ತು ತಟ್ಟೆ ಎತ್ತಿಡ್ಕಂಡು ನಿಂತಿದ್ದೋಳು? ನಮ್ಮ ಕೂಸಿಗೋಸ್ಕರ ಬೆಟ್ಟದ ಮಾದಪ್ಪಂಗೆ ಅರಕೆ ಕಟ್ಕಂಡು ನಿಂತವ್ಳೆ ಅನ್ಕಂಡೆ ಕಣವ್ವ. ಯಾರ ಪೈಕಿಯೋ ಏನೋ, ಎಷ್ಟು ಒಳ್ಳೆ ಎಣ್ಣು ಅಂತ."

ನಾನು ವೈಫೈ ಎಂದು ವಿವರಿಸಲು ಹೋದೆ. ಸೆಲ್ವಿ ನನ್ನ ಕಾಲು ತುಳಿದಳು. "ಹೌದು ಪಾಟ್ಟಿ, ಹರಕೆನೇ," ಎಂದಳು ಅಜ್ಜಿಗೆ, ಅರ್ಧ ತಮಿಳಿನಲ್ಲಿ. ಅಜ್ಜಿಗೆ ಸಮಾಧಾನವಾಯಿತು. ಯೋಚಿಸಿದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಕೆಲಸದ ರೀತಿ ಬದಲಾದದ್ದನ್ನೂ ಹೇಳಬೇಕು. ಮೊದಲೆಲ್ಲ ಒಂದೊಂದು ತಟ್ಟೆಯ ಮುಂದೆಯೂ ಲ್ಯಾಪ್‌ಟಾಪು ಇಟ್ಟುಕೊಂಡು ಕೂರಬೇಕಿತ್ತು. ಇಪ್ಪತ್ತು ತಟ್ಟೆಗೆ ಪಾಸ್‌ವರ್ಡು ಬದಲಿಸಬೇಕಾದರೆ ಇಪ್ಪತ್ತು ಸಲ. ಈಗ ಮೂರು ತಾಲ್ಲೂಕಿನ ತಟ್ಟೆಗಳೆಲ್ಲ ಫೋನಿನ ಒಂದು ಪರದೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಸರಿಯಿದ್ದರೆ ಹಸಿರು, ಕೆಟ್ಟರೆ ಕೆಂಪು. ನಾನು ಇದನ್ನು ಸಂತೋಷದಿಂದಲೇ ಕಲಿತೆ. ಹಳೆಯದೇ ಚೆಂದವಿತ್ತು ಎನ್ನುವವಳಲ್ಲ ನಾನು. ಆದರೆ ಒಂದು ಕಲ್ಯಾಣ ಮಂಟಪದವರು ವೈಫೈ ಸತ್ತಿದೆ ಎಂದು ನಾಲ್ಕು ಸಲ ಫೋನ್ ಮಾಡಿದಾಗ ನಾಲ್ಕು ಸಲವೂ ನನ್ನ ಪರದೆಯಲ್ಲಿ ಹಸಿರೇ ಇತ್ತು. ಹೋಗಿ ನೋಡಿದರೆ ಅಲಂಕಾರದವರು ತಟ್ಟೆ ಚೆನ್ನಾಗಿ ಕಾಣುವುದಿಲ್ಲವೆಂದು ಅದಕ್ಕೆ ಬೆಳ್ಳಿ ಬಣ್ಣದ ಮಿನುಗು ಹಾಳೆ ಸುತ್ತಿ, ನಡುವೆ ಒಂದು ಹೂವು ಸಿಕ್ಕಿಸಿದ್ದರು. ತಟ್ಟೆ ಒಳಗೆ ಆರೋಗ್ಯವಾಗಿತ್ತು, ಅದರ ಬಾಯಿಗೆ ಬಟ್ಟೆ ತುರುಕಿದಂತಾಗಿತ್ತು ಅಷ್ಟೆ. ಹಸಿರು ಕಂಡರೂ ಒಮ್ಮೆ ಎದ್ದು ಹೋಗಿ.

ನನ್ನ ಕೊನೆಯ ದೊಡ್ಡ ಕೆಲಸ ಲೊಕ್ಕನಹಳ್ಳಿಯದು. ಅಲ್ಲಿನ ಹಾಲಿನ ಸಂಘದ ಕಟ್ಟಡದ ಮೇಲೆ ಹೊರಾಂಗಣದ ತಟ್ಟೆ ಹಾಕಬೇಕಿತ್ತು. ಇದು ಬಿಸಿಲು, ಮಳೆ, ದೂಳು ತಡೆಯುವ ಗಟ್ಟಿ ಜಾತಿ. ತಟ್ಟೆಯಂತಲ್ಲ, ಇಟ್ಟಿಗೆಯಂಥ ಪೆಟ್ಟಿಗೆಯಾಗಿರುತ್ತದೆ, ಮುಖ ಮಾಡಿದ ಕಡೆಗೆ ದೂರ ಬೀರುತ್ತದೆ. ಹಾಲು ಅಳೆಯುವ ಯಂತ್ರ ಮತ್ತು ಅಂಗಳದಾಚೆಯ ಶೀತಕ ಘಟಕ ಒಂದಕ್ಕೊಂದು ಮಾತಾಡಲಿ ಎಂದು. ಸಿಡಿಲಿಗೆ ಸುಟ್ಟುಹೋಗದಂತೆ ಕೇಬಲ್ಲಿಗೆ ರಕ್ಷಣೆಯ ಡಬ್ಬಿ ಹಾಕಿ, ಮಧ್ಯಾಹ್ನದ ಹೊತ್ತಿಗೆ ಮುಗಿಸಿ ಕೆಳಗಿಳಿದೆ.

ಸಂಘದ ಜಗುಲಿಯಲ್ಲಿ ಒಬ್ಬಳು ಹೆಂಗಸು ಫೋನನ್ನು ಆಕಾಶಕ್ಕೆ ಹಿಡಿದು ಅತ್ತ ಇತ್ತ ತಿರುಗುತ್ತಿದ್ದಳು. ಜೊತೆಯಲ್ಲಿ ಅವಳ ಅತ್ತೆ, ಚಿಕ್ಕತಾಯಮ್ಮ ಎಂದು ಹೆಸರು.

"ನನ್ನ ಸೊಸೆ ಮಾದೇವಿ. ಕಿವಿ ಕೇಳಾಕಿಲ್ಲ, ಮಾತೂ ಇಲ್ಲ," ಎಂದರು ಚಿಕ್ಕತಾಯಮ್ಮ. "ಇವಳ ಅಕ್ಕನೂ ಅಂಗೇಯ, ಯಳಂದೂರಿಗೆ ಕೊಟ್ಟವ್ರೆ. ಮೈಸೂರ್ ಇಸ್ಕೂಲಲ್ಲಿ ಇಬ್ಬರೂ ಒಟ್ಟಿಗೆ ಓದವ್ರೆ. ಕೈಯಲ್ಲೇ ಮಾತಾಡ್ಕತಾರೆ. ಇಲ್ಲಿ ಮೊಖ ಕಾಣೋ ಅಷ್ಟು ಸಿಗ್ನಲ್ ಬರಾಕಿಲ್ಲ ಕಣವ್ವ. ಬಾಯಿರೋರ್ಗೆ ಇರೋ ಸಿಗ್ನಲ್ ಸಾಕು, ಇವಕ್ಕೆ ಸಾಲದು."

ನಾನು ಸಂಘದ ಕಾರ್ಯದರ್ಶಿ ಸಿದ್ದಪ್ಪನವರ ಕಡೆ ನೋಡಿದೆ.

"ಊರೋರೆಲ್ಲಾ ಬಂದು ಕೂತ್ಕತಾರೆ. ಹಾಲು ಅಳೆಯೋ ಮಷೀನು ನಿಂತೋದ್ರೆ ನನ್ನ ಕೇಳ್ತಾರೆ," ಎಂದರು ಸಿದ್ದಪ್ಪ. ಅವರ ಮಾತೂ ನ್ಯಾಯವೇ.

"ನಿಲ್ಲಾಕಿಲ್ಲ ಸಾ. ಇದೇ ಪೆಟ್ಟಿಗೇಲಿ ಇನ್ನೊಂದು ಹೆಸರಿನ ವೈಫೈ ಮಾಡ್ಕೊಡ್ತೀನಿ, ಬಂದೋರಿಗೆ ಅಂತ. ಅದ್ರಲ್ಲಿರೋರು ನಿಮ್ಮ ಮಷೀನ್ ಕಡೆ ತಿರುಗಿ ನೋಡಕ್ಕೂ ಆಗಾಕಿಲ್ಲ. ಎಷ್ಟು ವೇಗ ಅಂತ ಮಿತಿ ಹಾಕ್ತೀನಿ. ಬೆಳಿಗ್ಗೆ, ಸಾಯಂಕಾಲ ಹಾಲು ಅಳೆಯೋ ಹೊತ್ತಲ್ಲಿ ತಾನೇ ಬಂದ್ ಆಗೋ ಅಂಗೆ ಮಾಡ್ತೀನಿ."

ಸಿದ್ದಪ್ಪನವರು ಮಾದೇವಿಯ ಮುಖ ನೋಡಿದರು. "ಮಾಡ್ಕೊಡಿ," ಎಂದರು.

ಜಗುಲಿಯಲ್ಲಿ ಕರೆ ಹತ್ತಿತು. ಪರದೆಯಲ್ಲಿ ಅಕ್ಕನ ಮುಖ ಕಂಡದ್ದೇ ಮಾದೇವಿಯ ಮೈಯೆಲ್ಲ ನಕ್ಕಿತು. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಏನೇನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಬೆರಳನ್ನು ರಸ್ತೆಯುದ್ದಕ್ಕೂ ಓಡಿಸಿ ಹುಬ್ಬು ಹಾರಿಸಿದಳು.

"ಎಲ್ಲಿಗಂಟ ಓಯ್ತದೆ ಅಂತ ಕೇಳ್ತಾವ್ಳೆ," ಎಂದರು ಚಿಕ್ಕತಾಯಮ್ಮ.

ನಾವು ಮೂವರೂ ನಡೆದೆವು. ಮಾದೇವಿ ಅಕ್ಕನನ್ನು ನೋಡುತ್ತಲೇ ಹೆಜ್ಜೆ ಹಾಕಿದಳು. ಒಂದು ಹೊಂಗೆ ಮರದ ಹತ್ತಿರ ಚಿತ್ರ ನಿಂತಿತು. ಅವರ ಮನೆ ಅಲ್ಲಿಂದ ಮೂವತ್ತು ಹೆಜ್ಜೆ, ಬಾಗಿಲು ಎದುರಿಗೇ ಕಾಣುತ್ತಿತ್ತು. ಮಾದೇವಿ ಬಗ್ಗಿ ಒಂದು ಕಲ್ಲು ತಂದು ಚಿತ್ರ ನಿಂತ ಜಾಗದಲ್ಲಿ ಇಟ್ಟಳು, ಇಷ್ಟು ಸಾಕು ಎನ್ನುವ ಹಾಗೆ.

ನನಗೆ ಸಾಕಾಗಲಿಲ್ಲ. ಮಾದೇವಿಗೆ ಅಲ್ಲೇ ನಿಲ್ಲಲು ಸನ್ನೆ ಮಾಡಿ ಮತ್ತೆ ಏಣಿ ಹತ್ತಿದೆ. ಶೀತಕ ಘಟಕ ತೀರ ಹತ್ತಿರ, ಅದಕ್ಕೆ ಪೆಟ್ಟಿಗೆಯ ಮುಖ ಸ್ವಲ್ಪ ತಿರುಗಿದರೂ ತೊಂದರೆಯಿಲ್ಲ. ತಿರುಪು ಸಡಿಲಿಸಿ ಪೆಟ್ಟಿಗೆಯನ್ನು ಬೆರಳಿನಗಲ ಬಲಕ್ಕೆ ತಿರುಗಿಸಿದೆ. ಮಾದೇವಿ ಒಂದು ಹೆಜ್ಜೆ ಮುಂದಿಟ್ಟು ಕೈ ಎತ್ತಿದಳು: ಬಂತು. ಇನ್ನೊಂದು ಬೆರಳು. ಇನ್ನೆರಡು ಹೆಜ್ಜೆ, ಮತ್ತೆ ಕೈ ಎತ್ತಿದಳು. ಒಮ್ಮೆ ಹೆಚ್ಚಾಗಿ ತಿರುಗಿಸಿದೆ; ಅವಳು ಎರಡೂ ಕೈ ಅಲ್ಲಾಡಿಸಿದಳು. ಹಿಂದಕ್ಕೆ ತಂದು ಮುಖವನ್ನು ಒಂದಿಷ್ಟು ಕೆಳಕ್ಕೆ ಬಾಗಿಸಿದೆ. ನಾನು ಮೇಲೆ, ಅವಳು ಕೆಳಗೆ, ನಡುವೆ ಒಂದು ಮಾತಿಲ್ಲ. ಅಷ್ಟು ಚೆನ್ನಾಗಿ ನನ್ನ ಜೊತೆ ಕೆಲಸ ಮಾಡಿದವರು ಬೇರೆ ಇಲ್ಲ. ಹೊಸ್ತಿಲು ಮುಟ್ಟಿದಳು. ಒಳಗೆ ಹೋದಳು. ಸ್ವಲ್ಪ ಹೊತ್ತು ಯಾರೂ ಕಾಣಲಿಲ್ಲ. ನಾನು ತಿರುಪು ಹಿಡಿದು ಕಾದೆ.

ಆಮೇಲೆ ಕಿಟಕಿ ತೆರೆಯಿತು. ಮಾದೇವಿ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ, ಕಂಬಿಗೆ ಒರಗಿಸಿ ನಿಲ್ಲಿಸಿದಳು. ಜಗುಲಿಯಿಂದ ಅಲ್ಲಿಯ ತನಕ ಅವಳು ಒಂದೇ ಕೈಯಲ್ಲಿ ಮಾತಾಡಿಕೊಂಡು ಬಂದಿದ್ದಳು. ಈಗ ಎರಡೂ ಕೈ ಬಿಡುವಾಗಿದ್ದವು. ಎರಡು ಕೈಯೂ ಎದ್ದವು, ಹೆಣೆದುಕೊಂಡವು, ಬಿಡಿಸಿಕೊಂಡವು, ಗಲ್ಲ ಮುಟ್ಟಿದವು, ಎದೆ ಮುಟ್ಟಿದವು, ಗಾಳಿಯಲ್ಲಿ ಏನೋ ಬರೆದವು; ಅಷ್ಟು ವೇಗದ ಮಾತನ್ನು ನಾನು ಕಂಡದ್ದು ಅದೇ ಮೊದಲು.

ಚಿಕ್ಕತಾಯಮ್ಮ ಕೆಳಗಿನಿಂದ ಕೂಗಿ ಹೇಳಿದರು. "ಇನ್ನು ಇವತ್ತು ನಮ್ಮನೇಲಿ ಒಲೆ ಅಚ್ಚೋದು ನಾನೇಯ. ನೀನೂ ಉಂಡ್ಕಂಡೇ ಓಗು."

ತಿರುಪು ಬಿಗಿದು ಆಗಿತ್ತು. ಇಳಿಯಬಹುದಿತ್ತು. ನಾನು ಇನ್ನೂ ಸ್ವಲ್ಪ ಹೊತ್ತು ಮೇಲೆಯೇ ಕೂತು ಆ ಎರಡು ಕೈಗಳನ್ನು ನೋಡಿದೆ.